ಹುರಿಹಿಟ್ಟು ಮೆತ್ತಿದ ಲಕೋಟೆ

ನನ್ನ ಹಳೆಯ ರೈಲ್ವೆ ವೇಳಾಪಟ್ಟಿಯ ಪುಸ್ತಕದೊಳಗೆ ಒಂದು ಲಕೋಟೆ ಇದೆ. ಅದರ ಮೇಲೆ ಅಂಗೈಯಗಲದ ತುಪ್ಪದ ಕಲೆ, ಕಲೆಯ ನಡುವೆ ಒಣಗಿ ಗಟ್ಟಿಯಾದ ಏನೋ ಕಂದು ಬಣ್ಣದ್ದು. ನನ್ನ ಹೆಂಡತಿ ಗಂಗಮ್ಮ ಕಪಾಟು ಒರೆಸುವಾಗಲೆಲ್ಲ ಅದನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದು, "ಇರುವೆ ಬರ್ತಾವೆ ಕಣ್ರಿ, ಬಿಸಾಕ್ಲಾ?" ಎಂದು ಕೇಳುತ್ತಾಳೆ. ಬೇಡ ಅನ್ನುತ್ತೇನೆ. ಮೊನ್ನೆಯೂ ಕೇಳಿದಳು, ಮೊನ್ನೆಯೂ ಬೇಡ ಅಂದೆ. ಆದರೆ ಈ ಸಲ ಅವಳು ಒಳಗೆ ಹೋದ ಮೇಲೆ ಲಕೋಟೆಯನ್ನು ಮೂಗಿನ ಹತ್ತಿರ ಹಿಡಿದೆ. ಇನ್ನೂ ಹುರಿದ ರಾಗಿಯ ವಾಸನೆ. ಆಮೇಲೆ ಬೆಳಿಗ್ಗೆಯ ಕೆಲಸವೆಲ್ಲ ಕೆಟ್ಟಿತು ಅನ್ನಿ.

ನಾನು ಮೂವತ್ತಾರು ವರ್ಷ ರೈಲ್ವೆಯಲ್ಲಿದ್ದವನು. ಕೊನೆಗೆ ಚಿಕ್ಕಜಾಜೂರಿನಲ್ಲಿ ಸ್ಟೇಷನ್ ಮಾಸ್ತರನಾಗಿ ನಿವೃತ್ತನಾಗಿ, ಇಲ್ಲೇ ಸ್ಟೇಷನ್ನಿನ ಹಿಂದೆ ಒಂದು ಪುಟ್ಟ ಮನೆ ಕಟ್ಟಿಕೊಂಡೆ. ನಮ್ಮದು ಜಂಕ್ಷನ್. ಈ ಮಾತನ್ನು ನಾನು ಎದುರಿಗೆ ಹೇಳುವುದನ್ನು ನೀವು ಕೇಳಬೇಕು. ಹಳಿಗಳನ್ನೆಲ್ಲ ನಾನೇ ಜೋಡಿಸಿ ಬಂದೆನೇನೋ ಅನ್ನುವಂತಿರುತ್ತದೆ. ನಿವೃತ್ತಿಯಾದರೂ ನನ್ನ ಕಿವಿ ನಿವೃತ್ತಿಯಾಗಿಲ್ಲ. ಚಿತ್ರದುರ್ಗದ ಗಾಡಿ ಹತ್ತು ನಿಮಿಷ ತಡವಾದರೆ ಮನೆಯಲ್ಲಿ ಕೂತು ಚಡಪಡಿಸುತ್ತೇನೆ. ಗಾಡಿಗಳನ್ನೇ ಸಮಯಕ್ಕೆ ಸರಿಯಾಗಿ ಓಡಿಸಿದವನಿಗೆ ಒಂದು ಕೂಸಿಗೆ ಹೊತ್ತಿಗೆ ಸರಿಯಾಗಿ ತುತ್ತು ತಿನ್ನಿಸುವುದೇನು ಮಹಾ ಎಂಬ ಜಂಬ ನನಗಿತ್ತು. ಆ ಜಂಬ ಮುರಿದ ಕತೆಯೇ ಈ ಲಕೋಟೆ.

ಕೂಸು ಅಂದರೆ ಚುಕ್ಕಿ, ನನ್ನ ಮಗಳು ಶೈಲಳ ಮಗಳು. ಇದು ನಡೆದಾಗ ಅವಳಿಗೆ ಹನ್ನೊಂದು ತಿಂಗಳು. ಕೆಳಗೆ ಎರಡೇ ಎರಡು ಹಲ್ಲು. ಓಡಾಟಕ್ಕೇನೂ ಕಡಿಮೆಯಿರಲಿಲ್ಲ, ಮಂಡಿಯ ಮೇಲೆ ಇಡೀ ಮನೆ ಸುತ್ತುತ್ತಿದ್ದಳು. ಆದರೆ ತಾಯಿಯ ಹಾಲು ಬಿಟ್ಟು ಇನ್ನೇನನ್ನೂ ಬಾಯಿಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಚಮಚ ಕಂಡರೆ ತುಟಿ ಬಿಗಿ. ಲೋಟದ ಹಾಲು ಮೂಸಿ ಮುಖ ತಿರುಗಿಸುತ್ತಿದ್ದಳು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, "ಮಗೂಗೆ ಏನೂ ತೊಂದರೆ ಇಲ್ಲ, ಮನೆ ಊಟ ಮೆತ್ತಗೆ ಮಾಡಿ ಕೊಡ್ತಾ ಇರಿ, ಉಪ್ಪು ಸಕ್ಕರೆ ಈಗ್ಲೇ ಬೇಡ" ಎಂದು ಕಳಿಸಿದ್ದರು. ಕೊಡುವುದಕ್ಕೇನು, ಕೊಡಬಹುದು. ತೆಗೆದುಕೊಳ್ಳುವವರು ಬೇಕಲ್ಲ!

ಹೀಗಿರುವಾಗ ಶೈಲಳಿಗೆ ನೇಮಕಾತಿ ಆದೇಶ ಬಂತು. ನಾಲ್ಕು ವರ್ಷ ಓದಿ, ಪರೀಕ್ಷೆ ಬರೆದು, ಕಾದು ಕಾದು ಸಿಕ್ಕಿದ ಕೆಲಸ; ಪ್ರೌಢಶಾಲೆಯಲ್ಲಿ ಗಣಿತದ ಮೇಡಂ. ಶಾಲೆ ಹೊಸದುರ್ಗ ರೋಡ್ ಸ್ಟೇಷನ್ನಿಗೆ ಹತ್ತಿರದ ಹಳ್ಳಿಯಲ್ಲಿ. ಬೆಳಿಗ್ಗೆ ಗಾಡಿ ಹತ್ತಿದರೆ ಸಂಜೆ ಗಾಡಿಗೆ ವಾಪಸು. ಜಂಕ್ಷನ್ನಿನ ಮಾಸ್ತರನ ಮಗಳಿಗೆ ಹೇಳಿ ಮಾಡಿಸಿದ ಜಾಗ. ಇನ್ನೆರಡು ವಾರಕ್ಕೆ, ಸೋಮವಾರ ಹಾಜರಾಗಬೇಕು. ಮಗುವಿನ ನೆಪ ಹೇಳಿ ಎರಡು ತಿಂಗಳು ಕಾಲಾವಕಾಶ ಕೇಳಬಹುದು, ಆದರೆ ಅಷ್ಟರಲ್ಲಿ ಈ ಜಾಗ ಬೇರೆಯವರ ಪಾಲಾದರೆ ಜಿಲ್ಲೆಯ ಯಾವ ಮೂಲೆ ಸಿಗುತ್ತದೋ ಯಾರಿಗೆ ಗೊತ್ತು. ಅಳಿಯ ತಿಪ್ಪೇಶ ಹಿರಿಯೂರು ಕಡೆ ಬಸ್ಸು ಓಡಿಸುವವನು, ವಾರಕ್ಕೊಮ್ಮೆ ಮುಖ ತೋರಿಸಿದರೆ ಹೆಚ್ಚು. ಬೆಳಿಗ್ಗೆಯಿಂದ ಸಂಜೆಯವರೆಗೆ ಚುಕ್ಕಿಯನ್ನು ನಾವು ನೋಡಿಕೊಳ್ಳಬೇಕು. ನೋಡಿಕೊಳ್ಳುವುದು ಸರಿ, ಅಷ್ಟು ಹೊತ್ತು ಹಸಿದುಕೊಂಡಿದ್ದರೆ?

"ಅವ್ಳು ತಿನ್ನಾದು ಕಲೀದೆ ನಾನ್ ಎಲ್ಲಿಗೂ ಹೋಗಲ್ಲ ಅಪ್ಪ," ಎಂದುಬಿಟ್ಟಳು ಶೈಲಾ. ಅದನ್ನು ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ, ಆದೇಶದ ಕಾಗದವನ್ನೇ ಮಡಚಿ ಬಿಚ್ಚಿ ಮಾಡುತ್ತಿದ್ದಳು.

ಗಂಗಮ್ಮನ ಕೈಯಲ್ಲಿ ಅಡುಗೆಮನೆ ಇದ್ದಿದ್ದರೆ ಬೇರೆ ಮಾತು. ಅವಳು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದಳು. ಹಾಗಾಗಿ ಅಡುಗೆಮನೆಯ ಚಾರ್ಜು ನನಗೆ ಬಂತು. ಅವಳು ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಎಡಗೈಯಲ್ಲಿ ನಿರ್ದೇಶನ ಕೊಡುವುದು, ನಾನು ಪಾತ್ರೆ ಸೀಯಿಸುವುದು. ನಾನು ಸುಮ್ಮನೆ ಕೂರುವ ಪೈಕಿಯಲ್ಲ. ಒಂದು ಸ್ಲೇಟು ತಂದು ಅಡುಗೆಮನೆಯ ಗೋಡೆಗೆ ತೂಗುಹಾಕಿದೆ. ಎಂಟು ಹತ್ತಕ್ಕೆ ರಾಗಿ ಸರಿ. ಹನ್ನೊಂದು ನಲವತ್ತಕ್ಕೆ ಕಿವುಚಿದ ಬಾಳೆಹಣ್ಣು. ಒಂದೂ ಕಾಲಿಗೆ ನವಣೆ ಗಂಜಿ. ಮೂರು ಐವತ್ತಕ್ಕೆ ಬೇಯಿಸಿದ ಗೆಣಸು. ಪಕ್ಕದಲ್ಲಿ ಇನ್ನೊಂದು ಕಲಂ, 'ತಡ' ಎಂದು. ಮೂರು ದಿನದಲ್ಲಿ ಆ ಕಲಂ ಪೂರ್ತಿ ತುಂಬಿಹೋಯಿತು.

ಇನ್ನು ರಾಗಿ ಮೊಳಕೆ ಕಟ್ಟಿದ ಪ್ರಸಂಗ. ಅದನ್ನು ಹೇಳದಿದ್ದರೆ ಗಂಗಮ್ಮ ಹೇಳುತ್ತಾಳೆ, ಆದ್ದರಿಂದ ನಾನೇ ಹೇಳಿಬಿಡುವುದು ವಾಸಿ. ರಾಗಿ ನೆನೆಸಿ, ತೆಳುವಾದ ಹತ್ತಿ ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ, ಹುರಿದು ಬೀಸಿಸಿದರೆ ಕೂಸಿಗೆ ಒಳ್ಳೆಯದು ಎಂದು ಎಲ್ಲರಿಗೂ ಗೊತ್ತು. ತೆಳು ಬಟ್ಟೆ ಎಲ್ಲಿದೆ? ಹುಡುಕುವಾಗ ಟ್ರಂಕಿನಲ್ಲಿ ನನ್ನ ಹಳೆಯ ಹಸಿರು ಬಾವುಟ ಸಿಕ್ಕಿತು. ಒಳ್ಳೇ ಬಟ್ಟೆ, ಗಾಳಿಯಾಡುತ್ತದೆ, ಮೇಲಾಗಿ ಎಷ್ಟೋ ಗಾಡಿಗಳನ್ನು ಸುರಕ್ಷಿತವಾಗಿ ಕಳಿಸಿದ ಬಟ್ಟೆ. ಬಿಸಿನೀರಲ್ಲಿ ಒಮ್ಮೆ ಜಾಲಿಸಿ ರಾಗಿ ಕಟ್ಟಿಟ್ಟೆ. ಎರಡನೇ ದಿನ ಬಿಚ್ಚಿ ನೋಡಿದರೆ ರಾಗಿಯೆಲ್ಲ ಎಳೇ ಹುಲ್ಲಿನ ಬಣ್ಣ! ನಾನು ತಟ್ಟೆ ಹಿಡಿದು ಕುಣಿದುಕೊಂಡೇ ಬಂದೆ. "ನೋಡೇ, ಎಂಥಾ ಜೀವಸತ್ವ! ಮೊಳಕೆ ಹಸಿರಾಗೈತೆ!" ಗಂಗಮ್ಮ ಒಂದು ಕಾಳು ತೆಗೆದು ಬೆರಳಲ್ಲಿ ಉಜ್ಜಿದಳು. ಬೆರಳೂ ಹಸಿರಾಯಿತು.

"ಮಗೀಗೆ ಬಾವುಟ ತಿನ್ನಿಸಾಕೆ ಹೊಂಟಿದ್ರಲ್ರೀ," ಎಂದಳು. ರಾಗಿ ಗೊಬ್ಬರದ ಗುಂಡಿಗೆ ಹೋಯಿತು. ಬಾವುಟ ವಾಪಸು ಟ್ರಂಕಿಗೆ.

ಇವೆಲ್ಲ ನಗುವ ಮಾತು. ಆದರೆ ಒಂದು ತಪ್ಪು ಮಾಡಿದೆ, ಅದು ನಗುವಂಥದ್ದಲ್ಲ. ಚುಕ್ಕಿಗೆ ನನ್ನ ಸ್ಟೇಷನ್ ದನಿ ಬಹಳ ಇಷ್ಟ. ಮೂಗು ಹಿಡಿದುಕೊಂಡು, "ಪ್ರಯಾಣಿಕರ ಗಮನಕ್ಕೆ..." ಎಂದು ಶುರುಮಾಡಿದರೆ ಸಾಕು, ಹೊಟ್ಟೆ ಕುಣಿಸಿ, ಬಾಯಿ ಅಗಲ ತೆರೆದು ನಗುತ್ತಿದ್ದಳು. ಎರಡು ಹಲ್ಲೂ ಕಾಣುತ್ತಿದ್ದವು. ಒಂದು ದಿನ ಆ ತೆರೆದ ಬಾಯಿಯನ್ನು ನೋಡಿದ ನನಗೆ ಬುದ್ಧಿ ಓಡಿತು. ಬಲಗೈಯಲ್ಲಿ ಚಮಚ ಸಿದ್ಧವಿಟ್ಟುಕೊಂಡು, "ಪ್ರಯಾಣಿಕರ ಗಮನಕ್ಕೆ" ಅಂದೆ. ಅವಳು ನಕ್ಕಳು. ನಾನು ಚಮಚ ತುರುಕಿದೆ. ಬಾಯಿಗೆ ಹೋದ ರಾಗಿ ಸರಿಯೆಲ್ಲ ಹೊರಗೆ ಬಂತು, ಕೆಮ್ಮು, ಅಳು. ಆದದ್ದು ಇಷ್ಟೇ ಆಗಿದ್ದರೆ ಮರೆಯಬಹುದಿತ್ತು. ಮಾರನೇ ದಿನ ಸುಮ್ಮನೆ ಆಟಕ್ಕೆಂದು ಮೂಗು ಹಿಡಿದುಕೊಂಡು ಅದೇ ಮಾತು ಹೇಳಿದೆ. ಅವಳ ಕಣ್ಣು ನಕ್ಕವು. ತುಟಿ ಮಾತ್ರ ಬಿಗಿಯಾಗಿ ಮುಚ್ಚಿಕೊಂಡವು. ಹನ್ನೊಂದು ತಿಂಗಳ ಕೂಸು ನನ್ನ ಮುಂದೆ ಬಾಯಿ ಮುಚ್ಚಿಕೊಂಡು ನಗುವುದನ್ನು ಕಲಿತಿತ್ತು. ನಾನು ಹಿತ್ತಲಿಗೆ ಹೋಗಿ ಸ್ವಲ್ಪ ಹೊತ್ತು ನಿಂತಿದ್ದು ಬಂದೆ.

ಆ ಸಂಜೆಯೇ ಶೈಲಾ ಪತ್ರ ಬರೆದಳು. ಎರಡು ತಿಂಗಳು ಕಾಲಾವಕಾಶ ಕೊಡಬೇಕೆಂದು. ಶುಕ್ರವಾರ ನಾನು ಚಿತ್ರದುರ್ಗಕ್ಕೆ ಹೋಗಿ ಕಚೇರಿಯಲ್ಲಿ ಕೊಟ್ಟು ಬರುವುದು ಎಂದಾಯಿತು.

ಮಂಗಳವಾರ ಬೀಗತಿ ಬಂದರು. ತಿಪ್ಪೇಶನ ತಾಯಿ, ಕೆಂಚಮ್ಮ. ಹಿರಿಯೂರು ತಾಲ್ಲೂಕಿನ ಜವನಗೊಂಡನಹಳ್ಳಿ ಕಡೆಯವರು, ಇವತ್ತಿಗೂ ಅರವತ್ತು ಕುರಿ ಕಾಯುವ ಹೆಂಗಸು. ಪಕ್ಕದ ಮನೆಯವರಿಗೆ ನಾನು ಬೀಗತಿಯ ಪರಿಚಯ ಮಾಡಿಕೊಡುವಾಗ, "ಜಮೀನು, ಕುರಿ ಎಲ್ಲ ಚೆನ್ನಾಗೈತೆ" ಎನ್ನುತ್ತಿದ್ದೆನೇ ಹೊರತು ಕುರಿ ಕಾಯುತ್ತಾರೆ ಎನ್ನುತ್ತಿರಲಿಲ್ಲ. ನಾನೇನು ಬೇರೆ ಕುಲದವನಲ್ಲ. ಚಿತ್ರದುರ್ಗದ ಪಕ್ಕ ಮದಕರಿಪುರದಲ್ಲಿ ನನ್ನ ಅವ್ವನೂ ಕುರಿ ಹಿಂದೆಯೇ ನಡೆದು ನನ್ನನ್ನು ಓದಿಸಿದ್ದು. ಇಸ್ತ್ರಿ ಮಾಡಿದ ಬಿಳೀ ಶರ್ಟು ಹಾಕಿದ ಮೇಲೆ ಮನುಷ್ಯನಿಗೆ ಕೆಲವು ಮರೆವುಗಳು ಬರುತ್ತವೆ.

ಕೆಂಚಮ್ಮ ಬಾಗಿಲಲ್ಲಿ ನಿಂತವರು ಒಳಗಿನ ದೃಶ್ಯ ನೋಡಿದರು. ನಡುಮನೆಯಲ್ಲಿ ಚುಕ್ಕಿ, ಅವಳ ಸುತ್ತ ಶೈಲಾ, ನಾನು, ಕುರ್ಚಿಯಲ್ಲಿ ಗಂಗಮ್ಮ. ನನ್ನ ಕೈಯಲ್ಲಿ ಚಮಚ, ಶೈಲಳ ಕೈಯಲ್ಲಿ ಗಿಲಕಿ.

"ಏನ್ ಬೀಗ್ರೇ, ಮಗೀನ ವಿಚಾರಣೆ ಮಾಡ್ತಿದೀರೇನ್ರಿ?" ಎಂದರು.

"ಬರ್ರಿ ತಾಯಿ, ಕುಂತ್ಕಳ್ರಿ. ಏನೂ ತಿನ್ನಲ್ಲ ನೋಡ್ರಿ ನಿಮ್ಮ ಮೊಮ್ಮಗಳು."

"ಇಷ್ಟು ಜನ ಬಾಯಿ ನೋಡ್ತಾ ಕುಂತ್ರೆ ನಂಗೂ ತುತ್ತು ಇಳಿಯಲ್ಲ."

ಕೆಂಚಮ್ಮ ಬುಧವಾರ ಏನೂ ಮಾಡಲಿಲ್ಲ. ಮಗುವಿನ ಊಟದ ಸುದ್ದಿಗೇ ಹೋಗಲಿಲ್ಲ. ಹಿತ್ತಲು ಗುಡಿಸಿದರು, ಗಂಗಮ್ಮನ ತಲೆಗೆ ಎಣ್ಣೆ ಹಚ್ಚಿದರು, ನನ್ನ ಸ್ಲೇಟನ್ನು ನೋಡಿ, "ಇದ್ರಾಗೆ ಯಾವ್ ಗಾಡಿ ಯಾವಾಗ ಬರ್ತೈತೆ ಬರ್ದೀರೇನ್ರಿ?" ಎಂದು ಕೇಳಿದರು. ಮಗುವಿನ ಊಟದ ಸಮಯ ಅಂದೆ. ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಹೋದರು. ಹೊರಗಿನಿಂದ ನಗು ಕೇಳಿಸಿತು. ನನಗೆ ಸಿಟ್ಟು ಬಂತು. ಶುಕ್ರವಾರ ಹತ್ತಿರ ಬರುತ್ತಿದೆ, ಈಯಮ್ಮನಿಗೆ ನಗು!

ಸಂಜೆ ಚಹಾ ಕುಡಿಯುವಾಗ ಕೇಳಿಯೇಬಿಟ್ಟೆ. "ಅಲ್ಲ ತಾಯಿ, ನೀವು ಹಿರಿಯರು. ಏನಾದ್ರೂ ಉಪಾಯ ಹೇಳ್ಬಾರ್ದಾ?"

ಕೆಂಚಮ್ಮ ತಟ್ಟೆಗೆ ಚಹಾ ಬಗ್ಗಿಸಿಕೊಂಡು ಊದಿದರು. "ಬೀಗ್ರೇ, ನಮ್ ಕುರಿ ರೊಪ್ಪದಾಗೆ ಹಾಲ್ಮರಿ ಸೊಪ್ಪು ಕಚ್ಚಲ್ಲ ಅಂತ ಯಾರಾನ ಬಾಯಿಗೆ ತುರುಕ್ತಾರೇನ್ರಿ? ಒಂದ್ ಹಿಡಿ ಸೊಪ್ಪು ಮರಿ ಮಕಕ್ಕೆ ಸಿಗಂಗೆ ಗೂಟಕ್ಕೆ ಕಟ್ಟಿ, ನಮ್ ಕೆಲ್ಸ ನಾವ್ ನೋಡ್ಕತೀವಿ. ಪಕ್ಕದಾಗೆ ದೊಡ್ಡವು ಮೇಯಾದು ಕಾಣ್ತಿರ್ಬೇಕು, ಅಷ್ಟೇಯ. ಮರಿ ಮೊದ್ಲು ಮೂಸ್ತೈತೆ, ಆಡ್ತೈತೆ, ಕೆಡವ್ತೈತೆ. ಒಂದಿನ ಕಚ್ತೈತೆ."

"ಇದು ಕುರಿಮರಿ ಅಲ್ವಲ್ಲ ತಾಯಿ. ಮಗು."

"ಅದ್ಕೇ ಹೇಳಿದ್ದು. ಮರಿಗಿಂತ ಮಗೀಗೆ ರೋಷ ಜಾಸ್ತಿ." ಆಮೇಲೆ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿ, "ನಾಳೆ ಒಂದಿನ ಯಾರೂ ಆ ಮಗೀಗೆ ಬಾಯ್ ತೆಗಿ ಅನ್ಬ್ಯಾಡ್ರಿ. ಕಣ್ಣು ಇರ್ಲಿ, ಕೈ ಬ್ಯಾಡ," ಎಂದರು.

ಗುರುವಾರ ಬೆಳಿಗ್ಗೆ ಅವರು ತಮ್ಮ ಕೈಚೀಲದಿಂದ ಒಂದು ಬಟ್ಟೆಯ ಗಂಟು ತೆಗೆದು ಅಡುಗೆಮನೆಯಲ್ಲಿ ಬಿಚ್ಚಿದರು. ನಾನು ನಡುಮನೆಯಲ್ಲಿ ಪೇಪರು ಓದುತ್ತಿದ್ದೆ. ವಾಸನೆ ಬಂತು. ಪೇಪರು ಕೆಳಗಿಟ್ಟೆ.

ಹುರಿಹಿಟ್ಟು! ಎಷ್ಟು ವರ್ಷವಾಗಿತ್ತು! ರಾಗಿಗೆ ಮಜ್ಜಿಗೆ ಚಿಮುಕಿಸಿ ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಕಾದ ಮಣ್ಣಿನ ಓಡಿನಲ್ಲಿ ಹಾಕಿದರೆ ಅದು ಮಲ್ಲಿಗೆ ಮೊಗ್ಗಿನ ಹಾಗೆ ಬಿರಿಯುತ್ತದೆ, ಆ ಅರಳನ್ನು ಬೀಸಿದ ಹಿಟ್ಟು. ನಮ್ಮವ್ವ ಓಡಿನ ಮುಂದೆ ಕೂತರೆ ನಾವು ಮಕ್ಕಳು ಸುತ್ತ ಕೂತು ಹಾರಿಬಿದ್ದ ಅರಳನ್ನು ಆರಿಸಿ ತಿನ್ನುತ್ತಿದ್ದೆವು. ಬೂದಿಯೂ ಸೇರುತ್ತಿತ್ತು, ಯಾರು ನೋಡಿದರು? ಕುರಿ ಹಿಂದೆ ಹೊರಟಾಗ ಅವ್ವನ ಸೊಂಟದ ಚೀಲದಲ್ಲಿ ಒಂದು ಕಡೆ ಎಲೆಯಡಿಕೆ, ಇನ್ನೊಂದು ಕಡೆ ಹುರಿಹಿಟ್ಟು. ಮಧ್ಯಾಹ್ನ ಯಾವುದೋ ಹುಣಸೇಮರದ ಕೆಳಗೆ ಅಂಗೈಯಲ್ಲೇ ಅದಕ್ಕೆ ಬೆಲ್ಲದ ನೀರು ಹಾಕಿ ಕಲಸಿ ಕೊಡುತ್ತಿದ್ದಳು. ಒಣ ಹಿಟ್ಟನ್ನು ಬಾಯಿ ತುಂಬ ಹಾಕಿಕೊಂಡು ಒಬ್ಬರನ್ನೊಬ್ಬರು ನಗಿಸುವ ಆಟ ನಮ್ಮದು. ನಕ್ಕವನ ಬಾಯಿಂದ ಹೊಗೆಯ ಹಾಗೆ ಹಿಟ್ಟು ಹಾರುತ್ತಿತ್ತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂದರೆ ಅವ್ವ ಬೆನ್ನಿಗೆ ಗುದ್ದುತ್ತಿದ್ದಳು.

ರೈಲ್ವೆಗೆ ಸೇರಿದ ಮೊದಲ ವರ್ಷ ಅವ್ವ ತಿಂಗಳಿಗೊಮ್ಮೆ ಹುರಿಹಿಟ್ಟು ಕಳಿಸುತ್ತಿದ್ದಳು. ಜೊತೆಯವರೆಲ್ಲ ಬ್ರೆಡ್ಡು, ಬಿಸ್ಕತ್ತು ತಿನ್ನುವಾಗ ನನಗೆ ಆ ಗಂಟು ಬಿಚ್ಚಲು ನಾಚಿಕೆ. ಒಂದು ಸಲ ಊರಿಗೆ ಹೋದಾಗ, "ಇನ್ ಮ್ಯಾಲೆ ಕಳಿಸ್ಬ್ಯಾಡವ್ವ, ಅಲ್ಲೆಲ್ಲ ಸಿಗ್ತೈತೆ" ಅಂದೆ. ಅಲ್ಲಿ ಏನು ಸಿಗುತ್ತಿತ್ತು ಮಣ್ಣು! ಅವ್ವ ಆಮೇಲೆ ಕಳಿಸಲೇ ಇಲ್ಲ. ಈಗ ಬೀಗತಿ ಗಂಟು ಬಿಚ್ಚಿದಾಗ ನಾನು ಎದ್ದು ಹೋಗಿ ಅಡುಗೆಮನೆಯ ಬಾಗಿಲಲ್ಲಿ, ಗಂಗಮ್ಮನ ಕುರ್ಚಿಯ ಪಕ್ಕ ನಿಂತೆ.

ಕೆಂಚಮ್ಮ ಮಾಡಿದ್ದು ಇಷ್ಟು. ಚೆನ್ನಾಗಿ ಕಳಿತ ಎರಡು ಏಲಕ್ಕಿ ಬಾಳೆಹಣ್ಣು ಕಿವುಚಿದರು. ಅದಕ್ಕೆ ಹಿಡಿಯುವಷ್ಟು ಹುರಿಹಿಟ್ಟು. ಬೆಲ್ಲವಿಲ್ಲ, ಉಪ್ಪಿಲ್ಲ. ಅಂಗೈಗೆ ತುಪ್ಪ ಸವರಿಕೊಂಡು, ಕಲಸಿದ್ದನ್ನು ನಮ್ಮ ಕಿರುಬೆರಳಿನಷ್ಟುದ್ದ ಹೊಸೆದರು. ಒಂದನ್ನು ತಮ್ಮ ನಾಲಗೆ ಮತ್ತು ಅಂಗುಳಿನ ನಡುವೆ ಒತ್ತಿ ನೋಡಿದರು. "ಹಲ್ಲಿಲ್ದೋರ್ ಬಾಯಾಗೂ ಕರಗ್ಬೇಕು. ಒಣ ಹಿಟ್ಟು ಉಳ್ದ್ರೆ ಗಂಟ್ಲು ಹಿಡಿತೈತೆ," ಎಂದು ಇನ್ನೊಂದು ಚೂರು ಹಣ್ಣು ಸೇರಿಸಿದರು. ತೂಕವಿಲ್ಲ, ಅಳತೆಯಿಲ್ಲ, ಗಡಿಯಾರವಂತೂ ಇಲ್ಲವೇ ಇಲ್ಲ. ಆ ಕೈ ನೋಡುವುದೇ ಒಂದು ಚಂದ. ಹೊಲ, ಕುರಿ, ಸೌದೆ ಎಲ್ಲ ಮಾಡಿ ಒರಟಾದ ಕೈ, ಆದರೆ ಆ ಮೆತ್ತನೆಯ ಹಿಟ್ಟನ್ನು ಹೊಸೆಯುವಾಗ ಎಲ್ಲೂ ಒಂದು ಬಿರುಕು ಬೀಳಲಿಲ್ಲ.

"ಇದರ ಹೆಸರೇನು ತಾಯಿ?" ಎಂದೆ.

"ಹೆಸ್ರೆಲ್ಲಿಂದ ತರಾದು? ಮಗೀನ್ ಕೈಗೆ ಸಿಗಾದು, ಅಷ್ಟೇಯ."

ಹಿತ್ತಲ ಬಾಗಿಲ ಹತ್ತಿರ ಚಾಪೆ ಹಾಕಿಕೊಂಡು, ತಮಗೆ ರೊಟ್ಟಿ, ಹುಚ್ಚೆಳ್ಳು ಚಟ್ನಿ ಹಾಕಿಕೊಂಡು ಕೂತರು. ತಮ್ಮ ತಟ್ಟೆಯ ಪಕ್ಕಕ್ಕೆ ಒಂದು ಸಣ್ಣ ತಟ್ಟೆಯಲ್ಲಿ, ಹೊಸೆದಿಟ್ಟ ನಾಲ್ಕು ಹುರಿಹಿಟ್ಟಿನ ಬೆರಳು. ಚುಕ್ಕಿಯನ್ನು ಎದುರಿಗೆ ಕೂರಿಸಿ, ತಮ್ಮ ಪಾಡಿಗೆ ತಾವು ಊಟ ಶುರುಮಾಡಿದರು. ಲೊಚಲೊಚ ಶಬ್ದ ಬೇರೆ. ನಾವು ಮೂವರೂ ದೂರದಲ್ಲಿ ಯಾವುದೋ ಕೆಲಸದ ನಾಟಕ ಮಾಡುತ್ತ ಓರೆಗಣ್ಣಲ್ಲಿ ನೋಡುತ್ತಿದ್ದೆವು. ಚುಕ್ಕಿ ಮೊದಲು ಅವರ ಬಾಯಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಮುಂದಕ್ಕೆ ಬಗ್ಗಿ ಒಂದು ಬೆರಳನ್ನು ಹಿಡಿದು ಹಿಸುಕಿದಳು. ಅದು ಅವಳ ಮುಷ್ಟಿಯ ಸಂದಿನಿಂದ ಹೊರಗೆ ಬಂತು. ಎರಡನೆಯದನ್ನು ಚಾಪೆಗೆ ಉಜ್ಜಿದಳು. ನಾನು ಒರೆಸುವ ಬಟ್ಟೆ ಹಿಡಿದು ಎದ್ದೆ. ಕೆಂಚಮ್ಮ ತಿರುಗದೆಯೇ, "ಕುಂತ್ಕಳ್ರಿ ಬೀಗ್ರೇ," ಎಂದರು. ಅವರಿಗೆ ಬೆನ್ನಿನಲ್ಲೂ ಕಣ್ಣು.

ಮೂರನೆಯದು ಮೂಗಿಗೆ ಹೋಯಿತು. ಅಲ್ಲಿಂದ ಗಲ್ಲಕ್ಕೆ. ಅಲ್ಲಿಂದ, ಹೇಗೋ ದಾರಿ ತಪ್ಪಿ, ಬಾಯಿಗೆ. ಚುಕ್ಕಿ ಕಣ್ಣು ಅರಳಿಸಿ ಕೆಂಚಮ್ಮನನ್ನು ನೋಡಿದಳು. ಅವರು ನೋಡಲಿಲ್ಲ, ಚಟ್ನಿ ನೆಕ್ಕುತ್ತಿದ್ದರು. ಚುಕ್ಕಿಯ ದವಡೆ ಆಡಿತು. ಶೈಲಾ ನನ್ನ ತೋಳು ಹಿಡಿದುಕೊಂಡಳು, ಉಗುರು ನಾಟುವಷ್ಟು.

ಅರ್ಧ ಬೆರಳು ತಿಂದಳು ಅಷ್ಟೆ. ಸಂಜೆ ಮತ್ತೆ ಇಟ್ಟರು, ಮುಟ್ಟಲಿಲ್ಲ. ಶೈಲಳ ಮುಖ ಮತ್ತೆ ಇಳಿಯಿತು. "ಅರ್ಧ ಬೆರಳು ತಿಂದ್ಲು ಅಂತ ಇಡೀ ದಿನ ಬಿಟ್ಟೋಗ್ಲಾ ಅತ್ತೆ?" ಎಂದು ಕೇಳಿದಳು. ಕೆಂಚಮ್ಮ ಸೊಸೆಯ ತಲೆ ಸವರಿದರು. "ನಿನ್ ಮಗು, ನಿನ್ ಕೆಲ್ಸ. ಹೋಗು ಅಂತ್ಲೂ ಅನ್ನಲ್ಲ, ಬ್ಯಾಡ ಅಂತ್ಲೂ ಅನ್ನಲ್ಲ ಕಣವ್ವ. ಆದ್ರೆ ಮರಿ ಒಂದ್ಸಲ ಕಚ್ಚಿದ್ ಮ್ಯಾಲೆ ಮರೆಯಲ್ಲ." ಶೈಲಳಿಗೆ ಸಮಾಧಾನವಾಗಲಿಲ್ಲ. ಶುಕ್ರವಾರ ಬೆಳಿಗ್ಗೆ ಅವಳೇ ಲಕೋಟೆಯನ್ನು ನನ್ನ ಶರ್ಟಿನ ಜೇಬಿಗೆ ಹಾಕಿದಳು.

ನಾನು ಹೊರಡುವ ಮೊದಲು ಚುಕ್ಕಿಯನ್ನು ಎತ್ತಿಕೊಂಡೆ. ಕೆಂಚಮ್ಮನ ಮುಂದೆ ಆಗಷ್ಟೇ ತಟ್ಟೆ ಬಂದಿತ್ತು, ಚುಕ್ಕಿಯ ಎರಡು ಕೈಯಲ್ಲೂ ಹುರಿಹಿಟ್ಟಿನ ಒಂದೊಂದು ಬೆರಳು. ಇಸ್ತ್ರಿ ಶರ್ಟು ಎಂದು ಒಂದು ಗಳಿಗೆ ಹಿಂಜರಿದೆ, ಆಮೇಲೆ ಏನಾದರಾಗಲಿ ಅಂತ ಎದೆಗೆ ಒತ್ತಿಕೊಂಡೆ. ಅವಳು ನನ್ನ ಜೇಬಿನಲ್ಲಿ ಕೈ ಆಡಿಸಿದಳು. ಪೆನ್ನು ಎಳೆದಳು. ಪ್ರತಿದಿನ ಮಾಡುವುದೇ ಅದು. ಇಳಿಸಿ ಹೊರಟೆ.

ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತೆ. ಚಿತ್ರದುರ್ಗದ ಗಾಡಿಗೆ ಇನ್ನೂ ಕಾಲು ಗಂಟೆ ಇತ್ತು. ಪತ್ರವನ್ನು ಇನ್ನೊಮ್ಮೆ ಓದೋಣವೆಂದು ಜೇಬಿಗೆ ಕೈ ಹಾಕಿದರೆ ಬೆರಳಿಗೆ ಮೆತ್ತಗೆ ಏನೋ ತಗುಲಿತು. ಲಕೋಟೆ ತೆಗೆದೆ. ತುಪ್ಪ ಕಾಗದದೊಳಗೆಲ್ಲ ಇಳಿದು, 'ಮಾನ್ಯರೇ' ಎಂಬ ಅಕ್ಷರ ಹೊರಗಿನಿಂದಲೇ ಕಾಣುತ್ತಿತ್ತು. ಅದರ ಮೇಲೆ ಅಂಟಿಕೊಂಡು ಒಂದು ತುಂಡು. ಒಂದು ತುದಿಯಲ್ಲಿ ಸ್ಪಷ್ಟವಾಗಿ, ಪಕ್ಕಪಕ್ಕದಲ್ಲಿ, ಎರಡು ಸಣ್ಣ ಗುರುತು. ಹಲ್ಲಿನ ಗುರುತು. ಆ ಗುರುತಿನಾಚೆಯ ಚೂರು ಇಲ್ಲ. ಅಂದರೆ ನಮ್ಮ ಮುಂದೆ ಅಲ್ಲ, ಯಾರೂ ನೋಡದಿರುವಾಗ, ತನ್ನಷ್ಟಕ್ಕೆ ತಾನು ಕಚ್ಚಿ ತಿಂದಿದ್ದಾಳೆ. ಉಳಿದದ್ದನ್ನು ನನಗೆ ಇಟ್ಟಿದ್ದಾಳೆ.

ಗಾಡಿ ಬಂತು. ಹೊಸ ಮಾಸ್ತರು ನನ್ನನ್ನು ನೋಡಿ, "ಹತ್ತಲ್ವಾ ಸಾರ್?" ಎಂದು ಕೇಳಿದರು. ಗಾಡಿ ಹೊರಟಿತು. ಗಾಡಿ ಬಿಟ್ಟುಕೊಟ್ಟು ಕೂತದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ಆ ತುಂಡನ್ನು ಏನು ಮಾಡಿದೆ ಅಂತೀರಾ? ತಿಂದೆ. ಪೂರ್ತಿ ಬಿಟ್ಟು ಬರಲಿಲ್ಲ, ಲಕೋಟೆಗೆ ಸ್ವಲ್ಪ ಮೆತ್ತಿಕೊಂಡೇ ಉಳಿಯಿತು. ನಲವತ್ತು ವರ್ಷದ ಹಿಂದೆ ಬೇಡ ಅಂದ ರುಚಿ.

ಮನೆಗೆ ಬಂದಾಗ ಶೈಲಾ ಸಿಟ್ಟಾದಳು. ಆಗಲೇಬೇಕಲ್ಲ. "ಇವತ್ತೇ ಕೊನೇ ದಿನ ಅಪ್ಪ! ನೀವ್ ಹಿಂಗ್ ಮಾಡಿದ್ರೆ ಹೆಂಗೆ?" ನಾನು ಲಕೋಟೆಯನ್ನು ಅವಳ ಮುಂದೆ ಹಿಡಿದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಕೊಡೋ ಹಂಗಿಲ್ಲ ಕಣವ್ವ ಇದು. ಬೇಕಾದ್ರೆ ಇನ್ನೊಂದು ಬರ್ಕೊಡು, ಬಸ್ಸಿಗೆ ಹೋಗ್ತೀನಿ. ಹೊತ್ತೈತೆ." ಅವಳು ನೋಟುಬುಕ್ಕು ತಂದಳು. ಹಾಳೆ ಹರಿದಳು. 'ಮಾನ್ಯರೇ' ಎಂದು ಬರೆದು ತಲೆಯೆತ್ತಿದಳು. ಹಿತ್ತಲ ಬಾಗಿಲಲ್ಲಿ ಕೆಂಚಮ್ಮ ಗಂಗಮ್ಮನಿಗೆ ಯಾವುದೋ ಟಗರಿನ ಕತೆ ಹೇಳುತ್ತ ಸೊಪ್ಪು ಸೋಸುತ್ತಿದ್ದರು. ಅವರ ಮಗ್ಗುಲಲ್ಲಿ ಚುಕ್ಕಿ ಕೂತು, ಯಾರ ಗೊಡವೆಯೂ ಇಲ್ಲದೆ, ಒಂದು ಬೆರಳು ಮುಗಿಸಿ ಇನ್ನೊಂದಕ್ಕೆ ಕೈ ಹಾಕುತ್ತಿದ್ದಳು. ಶೈಲಾ ನೋಡಿದಳು. ನಾನು ಅವಳನ್ನೇ ನೋಡಿದೆ. ಪೆನ್ನಿನ ಮುಚ್ಚಳ ಹಾಕುವ ಶಬ್ದ ಕೇಳಿಸಿತು.

ಶನಿವಾರ, ಭಾನುವಾರ ನಾನು ಕೆಂಚಮ್ಮನ ಶಿಷ್ಯನಾದೆ. ಸ್ಲೇಟು ಕೆಳಗಿಳಿಸಿದೆ. ಬೇಯಿಸಿದ ಗೆಣಸನ್ನು ಬೆರಳುದ್ದ ಕತ್ತರಿಸುವುದು, ಮೆತ್ತಗೆ ಬೆಂದ ನವಣೆಯನ್ನು ಕುಂಬಳಕಾಯಿಯ ಜೊತೆ ಹಿಸುಕಿ ಉಂಡೆ ಕಟ್ಟುವುದು, ಶೇಂಗಾ ಇಡಿಯಾಗಿ ಕೊಡದೆ ಹುರಿದು ನುಣ್ಣಗೆ ಅರೆದು ಉಗುರಿನಷ್ಟು ಸವರುವುದು. ನನ್ನ ಉಂಡೆಗಳು ಒಡೆಯುತ್ತಿದ್ದವು. "ಕೈ ಬಿಗಿ ಜಾಸ್ತಿ ಬೀಗ್ರೇ ನಿಮ್ದು. ರೈಲು ಹಿಡ್ಕಂಡಂಗೆ ಹಿಡೀತೀರ," ಎನ್ನುತ್ತಿದ್ದರು. ಭಾನುವಾರ ಸಂಜೆ ಅವರು ಊರಿಗೆ ಹೊರಟಾಗ ಪಕ್ಕದ ಮನೆಯವರು ಬಾಗಿಲಲ್ಲಿದ್ದರು. "ನಮ್ಮ ಬೀಗತಿ," ಎಂದೆ. "ಕುರಿ ಕಾಯ್ತಾರೆ. ನಮ್ಮವ್ವನೂ ಕುರಿ ಕಾಯ್ತಿದ್ಲು." ಕೆಂಚಮ್ಮ ಏನೂ ತಿಳಿಯದವರ ಹಾಗೆ ಚಪ್ಪಲಿ ಹುಡುಕುತ್ತಿದ್ದರು.

ಸೋಮವಾರ ಶೈಲಾ ಬೆಳಗಿನ ಗಾಡಿ ಹತ್ತಿದಳು. ಕಿಟಕಿಯಿಂದ ಕೈ ಬೀಸುವಾಗ ಅವಳ ಮೂಗು ಕೆಂಪಾಗಿತ್ತು. ಚುಕ್ಕಿ ಒಂಬತ್ತಕ್ಕೆ ಅತ್ತಳು, ಹತ್ತಕ್ಕೆ ಸುಮ್ಮನಾದಳು. ನಾನು ಚಾಪೆ ಹಾಸಿ, ಎರಡು ತಟ್ಟೆ ಇಟ್ಟುಕೊಂಡು, ಅವಳ ಕಡೆ ನೋಡದೆ ಲೊಚಲೊಚ ತಿನ್ನತೊಡಗಿದೆ. ಈ ಲೊಚಲೊಚವನ್ನು ಗಂಗಮ್ಮ ನಮ್ಮ ಮದುವೆಯಾದಾಗಿನಿಂದ ಬಿಡಿಸಲು ನೋಡಿದ್ದಳು. ಅವತ್ತು ಮಾತ್ರ ಬಾಯಿ ಬಿಡಲಿಲ್ಲ. ಚುಕ್ಕಿ ಮಧ್ಯಾಹ್ನದೊಳಗೆ ಮೂರು ಬೆರಳು, ಒಂದಿಷ್ಟು ಗೆಣಸು ತಿಂದಳು. ಲೋಟದಿಂದ ನಾಲ್ಕು ಗುಟುಕು ನೀರು ಕುಡಿದಳು. ಶೈಲಾ ಮಧ್ಯಾಹ್ನ ಫೋನು ಮಾಡಿದಾಗ ನಾನು ಮೂಗು ಹಿಡಿದುಕೊಂಡು, "ಪ್ರಯಾಣಿಕರ ಗಮನಕ್ಕೆ..." ಅಂದೆ. ಪಕ್ಕದಲ್ಲಿದ್ದ ಚುಕ್ಕಿ ನಕ್ಕಳು. ಬಾಯಿ ತೆರೆದು. ಎರಡು ಹಲ್ಲು, ನಡುವೆ ಹುರಿಹಿಟ್ಟು. ಫೋನನ್ನು ಅವಳ ಬಾಯಿಯ ಹತ್ತಿರ ಹಿಡಿದೆ.

ಸಂಜೆ ಗಾಡಿ ಆರು ನಿಮಿಷ ತಡ. ಶೈಲಾ ಓಡುತ್ತಲೇ ಬಂದಳು. ಬ್ಯಾಗು ಎಸೆದು ಚಾಪೆಯ ಮೇಲೆ ಕುಸಿದು ಕೂತಳು. ಗಂಗಮ್ಮ ಎಡಗೈಯಿಂದ ಅವಳ ಬ್ಯಾಗು ತೆರೆದು ಊಟದ ಡಬ್ಬಿ ತೆಗೆದಳು. ಭಾರವಾಗಿತ್ತು. ಮುಚ್ಚಳ ತೆಗೆದರೆ ಬೆಳಿಗ್ಗೆ ಹಾಕಿಕೊಟ್ಟ ಚಿತ್ರಾನ್ನ ಹಾಗೇ ಇತ್ತು, ಒಂದು ತುತ್ತೂ ಕದಲಿರಲಿಲ್ಲ.

"ಯಾಕೆ ಉಣ್ಲಿಲ್ಲ?" ಎಂದಳು ಗಂಗಮ್ಮ.

"ಇಳೀಲಿಲ್ಲಮ್ಮ," ಎಂದಳು ಶೈಲಾ.

ಒಂದು ತುತ್ತು ತಿನ್ನು ಎಂದು ನಾನು ಬಾಯಿ ತೆರೆಯುವುದರಲ್ಲಿದ್ದೆ. ಅಷ್ಟರಲ್ಲಿ ಚುಕ್ಕಿ ತನ್ನ ತಟ್ಟೆಯಿಂದ ಒಂದು ಬೆರಳು ಎತ್ತಿಕೊಂಡು, ಅಮ್ಮನ ಸೀರೆ ಹಿಡಿದು ಎದ್ದು ನಿಂತಳು. ಕೈ ಚಾಚಿ ಅಮ್ಮನ ತುಟಿಗೆ ಒತ್ತಿದಳು.

ನನ್ನ ಮಗಳು ಬಾಯಿ ತೆರೆದಳು.